ಅಪ್ಪ ಮೋಟರ್‌ಸೈಕಲ್ ಕಲಿತ ಬೇಸಿಗೆ

ಆಗ ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಾವು ಮಕ್ಕಳು ಹಗಲು ಹೊತ್ತು ಪಿಸುಮಾತಿನಲ್ಲೇ ಜಗಳವಾಡುತ್ತಿದ್ದೆವು. ನೀವೂ ಅಂಥ ಕಾಲೊನಿಯಲ್ಲಿ ಬೆಳೆದವರಾಗಿದ್ದರೆ ನಿಮಗೆ ಗೊತ್ತು, ಎರಡು ಮನೆಗೊಂದರಂತೆ ಯಾರದೋ ಅಪ್ಪ ರಾತ್ರಿಪಾಳಿ ಮುಗಿಸಿ ಬಂದು ಮಲಗಿರುತ್ತಿದ್ದ. ಚಿಣಿಪಣಿ ಆಡುವಾಗ ಚಿಣಿ ಹಾರಿ ಯಾರದಾದರೂ ಕಿಟಕಿಗೆ ತಾಗಿತೋ, ಆಟ ಅಲ್ಲಿಗೇ ಮುಗಿಯಿತು, ಎಲ್ಲರೂ ಪರಾರಿ. ನಮ್ಮ ಮನೆಯ ಕಿಟಕಿಯೂ ಅಂಥದ್ದೇ. ಅಪ್ಪ ಗೂಡ್ಸ್ ಗಾಡಿಯ ಡ್ರೈವರ್. ಏಳನೇ ಕ್ಲಾಸಿನವರೆಗೆ ನಾನು ಕಂಡ ಅಪ್ಪ ಎಂದರೆ ಗೋಡೆಯ ಕಡೆ ಮುಖ ಮಾಡಿ ಮಲಗಿದ ಒಂದು ಬೆನ್ನು, ಮೂಲೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ, ಗೂಟಕ್ಕೆ ನೇತುಹಾಕಿದ ಅಂಗಿಯ ಡೀಸೆಲ್ ವಾಸನೆ. ಅಷ್ಟೇ.

ಒಂದು ಚಳಿಗಾಲದ ತಪಾಸಣೆಯಲ್ಲಿ ಅಪ್ಪನ ಎಡಗಿವಿ ಮಂದವಾಗಿದೆ ಎಂದು ಡಾಕ್ಟರು ಬರೆದರು. ಇಪ್ಪತ್ತೆರಡು ವರ್ಷ ಎಂಜಿನ್ನಿನ ಗದ್ದಲ ಕೇಳಿದ ಕಿವಿ, ಪಾಪ, ಅದಾದರೂ ಎಷ್ಟೆಂದು ತಡೆದೀತು. ಅವನನ್ನು ಎಂಜಿನ್ನಿನಿಂದ ಇಳಿಸಿ ಸ್ಟೇಶನ್ನಿನ ಆಫೀಸಿನಲ್ಲಿ ಕೂರಿಸಿದರು. ಬೆಳಿಗ್ಗೆ ಹತ್ತರಿಂದ ಸಂಜೆ ಆರು, ಭಾನುವಾರ ರಜೆ. ಅವ್ವನಿಗೆ ಖುಷಿಯೋ ಖುಷಿ. ಅಪ್ಪ ಮಾತ್ರ ನಸುಕಿನಲ್ಲೇ ಎದ್ದು ಜಳಕ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಎಲ್ಲಿಗೂ ಹೋಗಲಿಕ್ಕಿಲ್ಲದೆ ಕಟ್ಟೆಯ ಮೇಲೆ ಕೂತಿರುತ್ತಿದ್ದ. ದೂರದಲ್ಲಿ ಗೂಡ್ಸ್ ಕೂಗಿದರೆ ಬಲಗಿವಿಯನ್ನು ಆ ಕಡೆ ತಿರುಗಿಸುತ್ತಿದ್ದ.

ನನಗಂತೂ ಎಚ್ಚರವಿರುವ ಅಪ್ಪ ಹೊಸಬ. ಅವನಿಗೆ ರೊಟ್ಟಿಗಿಂತ ಹೆಚ್ಚು ಶೇಂಗಾ ಹಿಂಡಿ ಬೇಕು, ಚುರುಮುರಿಯ ಸುಸಲಾಕ್ಕೆ ನಿಂಬೆಹಣ್ಣು ಹಿಂಡಿದಷ್ಟೂ ಸಾಲದು, ಹಾಡಲು ಬರುವುದಿಲ್ಲ ಆದರೂ ಹಾಡುತ್ತಾನೆ ಎಂಬುದೆಲ್ಲ ನನಗೆ ಗೊತ್ತಾದದ್ದು ಆ ಮೂರು ತಿಂಗಳಲ್ಲಿ. ಸಂಜೆ ಆಟ ಬಿಟ್ಟು ಅವನ ಪಕ್ಕ ಹೋಗಿ ಕೂರುತ್ತಿದ್ದೆ.

ಅಷ್ಟರಲ್ಲಿ ನನ್ನ ಎಂಟನೇ ಕ್ಲಾಸಿನ ಪ್ರಶ್ನೆ ಬಂತು. ಶಹಾಬಾದಿನ ಇಂಗ್ಲಿಷ್ ಮೀಡಿಯಂ ಹೈಸ್ಕೂಲಿಗೇ ಹಾಕಬೇಕೆಂದು ಅವ್ವನ ಹಟ. ಸಂಜೆ ಮರಳಲು ಪ್ಯಾಸೆಂಜರ್ ಇತ್ತು, ಆದರೆ ಬೆಳಿಗ್ಗೆ ಶಾಲೆಯ ಹೊತ್ತಿಗೆ ಹೊಂದುವ ರೈಲೂ ಇರಲಿಲ್ಲ, ಬಸ್ಸೂ ಇರಲಿಲ್ಲ. ಇನ್ನೊಂದು ದಾರಿ ಎಂದರೆ ಸೇಡಂನಲ್ಲಿ ಅತ್ತೆಯ ಮನೆ. ಅಲ್ಲಿ ಮನೆಯ ಹಿಂದೆಯೇ ಶಾಲೆ. ಅತ್ತೆ ನನಗಾಗಿ ಕಪಾಟಿನ ಒಂದು ಖಾನೆ ಖಾಲಿ ಮಾಡಿಟ್ಟಿದ್ದೇನೆಂದು ಹೇಳಿಕಳಿಸಿಯೂ ಬಿಟ್ಟಿದ್ದಳು. ಅತ್ತೆ ಒಳ್ಳೆಯವಳೇ. ಆದರೆ ಹದಿಮೂರನೇ ವರ್ಷಕ್ಕೆ ಈಗ ತಾನೇ ಸಿಕ್ಕ ಅಪ್ಪನನ್ನು ಬಿಟ್ಟು ಹೋಗುವುದು ನನ್ನಿಂದಾಗದ ಮಾತು. ಎರಡು ದಿನ ಊಟ ಬಿಟ್ಟು ಮಲಗಿದೆ. ಮೂರನೆಯ ದಿನ ಅಪ್ಪ ಒಂದು ಹಳೆಯ ಮೋಟರ್‌ಸೈಕಲ್ ತಂದ. ತಂದ ಎಂದರೆ ತಳ್ಳಿಕೊಂಡು ತಂದ. ಅವನಿಗೆ ಅದನ್ನು ಓಡಿಸಲು ಬರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಸೈಕಲ್ಲೂ ಬರುತ್ತಿರಲಿಲ್ಲ.

ಅವ್ವ ಒಲೆಯ ಮುಂದಿನಿಂದ ಎದ್ದು ಬಂದು, ಹಿಟ್ಟಿನ ಕೈಯನ್ನು ಸೊಂಟದ ಮೇಲಿಟ್ಟುಕೊಂಡು, ಗಾಡಿಯನ್ನೂ ಗಂಡನನ್ನೂ ಒಂದು ಸುತ್ತು ನೋಡಿದಳು. ಶಾಲೆ ತೆರೆಯುವುದರೊಳಗೆ ಕಲಿತರೆ ಸರಿ, ಇಲ್ಲವಾದರೆ ಮಗಳು ಸೇಡಂಗೆ ಎಂದು ಕಟ್ಟುನಿಟ್ಟು ಮಾಡಿದಳು. ಯುಗಾದಿ ಆಗಷ್ಟೇ ಮುಗಿದಿತ್ತು. ನಮ್ಮ ಕೈಯಲ್ಲಿ ಎರಡು ತಿಂಗಳು ಇದ್ದವು.

ಕಲಿಸುವ ಹೊಣೆ ಹೊತ್ತವರು ರಸೂಲ್ ಚಾಚಾ. ಕಾಲೊನಿಯ ಗೇಟಿನಲ್ಲಿ ಅವರ ಪಂಕ್ಚರ್ ಅಂಗಡಿ. ಊರಿನ ಅರ್ಧ ಹುಡುಗರಿಗೆ ಗಾಡಿ ಕಲಿಸಿದ ಕೈ ಅವರದು. ಹೊಟ್ಟೆ ದೊಡ್ಡದು, ತಾಳ್ಮೆ ಅದಕ್ಕಿಂತ ದೊಡ್ಡದು. ನಾಲ್ಕು ದಿನದ ಕೆಲಸ ಎಂದು ಬೀಡಿ ಹಚ್ಚುತ್ತ ಹೇಳಿದ್ದರು. ಐವತ್ತು ಡಬ್ಬಿ ಸಿಮೆಂಟ್ ಎಳೆದ ಡ್ರೈವರ್ ಸಾಹೇಬರಿಗೆ ಇದೇನು ಮಹಾ ಎಂಬುದು ಅವರ ಲೆಕ್ಕ.

ಆ ಲೆಕ್ಕ ಮೊದಲ ದಿನವೇ ತಪ್ಪಿತು. ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ ಅಪ್ಪ ಕಿಕ್ ಹೊಡೆದು, ಗೇರ್ ಹಾಕಿ, ನೆಟ್ಟಗೆ ಹೊರಟ. ಚಂದವಾಗಿಯೇ ಹೊರಟ. ಬಯಲು ಮುಗಿಯಿತು, ಹಾದಿ ಎಡಕ್ಕೆ ತಿರುಗಿತು, ಅಪ್ಪ ತಿರುಗಲಿಲ್ಲ. ನೆಟ್ಟಗೆ ಜಾಲಿಕಂಟಿಯೊಳಗೆ ಹೋದ. ಮುಳ್ಳು ಕೀಳುತ್ತ ಚಾಚಾ ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರವನ್ನು ಕಾಲೊನಿಯವರು ವರ್ಷಗಟ್ಟಲೆ ಹೇಳಿಕೊಂಡು ನಕ್ಕರು.

“ಇಪ್ಪತ್ತೆರಡು ವರ್ಷ ನಾ ಏನೂ ತಿರುಗಿಸಿಲ್ಲ ಚಾಚಾ. ಹಳಿ ಎಲ್ಲಿ ಹೊರಳ್ತದ, ಗಾಡಿ ತಾನೇ ಹೊರಳ್ತದ.”

ಯೋಚಿಸಿ ನೋಡಿದರೆ ಹೌದಲ್ಲ, ರೈಲಿನ ಎಂಜಿನ್ನಿಗೆ ಹ್ಯಾಂಡಲ್ ಎಲ್ಲಿದೆ. ಹ್ಯಾಂಡಲ್ ತಿರುಗಿಸುವುದು ಕಲಿಯಲು ಹತ್ತು ದಿನ ಹಿಡಿಯಿತು. ಆಮೇಲೆ ನಿಲ್ಲಿಸುವ ಪಾಠ. ಅಪ್ಪನಿಗೆ ನಿಲ್ಲಿಸುವುದು ಬರುತ್ತಿತ್ತು, ಅತಿಯಾಗಿ ಬರುತ್ತಿತ್ತು. ಗೂಡ್ಸ್ ಗಾಡಿಗೆ ಮೈಲಿ ಮುಂಚೆಯೇ ಬ್ರೇಕ್ ಹಾಕಿ ರೂಢಿ. ಚಾಚಾ ಬೇವಿನಮರದ ಹತ್ತಿರ ನಿಲ್ಲಿಸಿ ಎಂದರೆ ಇಲ್ಲಿ ಹೊರಟ ಕೂಡಲೇ ಬ್ರೇಕ್ ಒತ್ತಲು ಶುರುಮಾಡಿ, ಮರ ಇನ್ನೂ ಅಷ್ಟು ದೂರ ಇರುವಾಗಲೇ ನಿಂತುಬಿಡುತ್ತಿದ್ದ. ನಿಂತ ಮೇಲೆ ನಿಶ್ಚಿಂತೆಯಿಂದ ಕೂತಿರುತ್ತಿದ್ದ. ಗಾಡಿ ಮೆಲ್ಲಗೆ ಒಂದು ಪಕ್ಕಕ್ಕೆ ವಾಲುತ್ತಿತ್ತು, ಅಪ್ಪನೂ ಅದರ ಜೊತೆ ಅಷ್ಟೇ ಮೆಲ್ಲಗೆ ವಾಲಿ ನೆಲಕ್ಕೆ ಬೀಳುತ್ತಿದ್ದ. ರೈಲು ನಿಂತರೆ ನಿಂತೇ ಇರುತ್ತದೆ, ಡ್ರೈವರ್ ಕಾಲು ಕೊಡಬೇಕಾಗಿಲ್ಲ. ಚಾಚಾ ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದರು: “ಡ್ರೈವರ್ ಸಾಬ್, ಕಾಲು ಕೊಡ್ರಿ, ಕಾಲು.” ಕೊನೆಕೊನೆಗೆ ಬಯಲಿನಲ್ಲಿ ಆಡುವ ಹುಡುಗರೂ ಇದನ್ನೇ ಕೂಗತೊಡಗಿದರು. ಅವ್ವ ರಾತ್ರಿ ಎಳ್ಳೆಣ್ಣೆ ಕಾಯಿಸಿ ಅವನ ಮೊಣಕಾಲು ತಿಕ್ಕುವಾಗ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ನಾನೂ ಅದನ್ನೇ ನೋಡುತ್ತಿದ್ದೆ.

ಏಪ್ರಿಲ್ ಕೊನೆಯ ಹೊತ್ತಿಗೆ ಅಪ್ಪ ನನ್ನನ್ನು ಹಿಂದೆ ಕೂರಿಸಿಕೊಳ್ಳಲು ಶುರುಮಾಡಿದ. ಎಂಜಿನ್ನಿನಲ್ಲಿ ಡ್ರೈವರ್ ಒಬ್ಬನೇ ಇರುವುದಿಲ್ಲ, ಪಕ್ಕದಲ್ಲಿ ಅಸಿಸ್ಟೆಂಟ್ ಇರುತ್ತಾನೆ. ಮುಂದೆ ಕಂಡ ಸಿಗ್ನಲ್ಲನ್ನು ಅಸಿಸ್ಟೆಂಟ್ ಕೂಗಿ ಹೇಳಬೇಕು, ಡ್ರೈವರ್ ಅದನ್ನೇ ತಿರುಗಿ ಕೂಗಬೇಕು, ಆಗಲೇ ಇಬ್ಬರೂ ನೋಡಿದ್ದಾರೆ ಎಂದು ಲೆಕ್ಕ. ನಾನು ಅಸಿಸ್ಟೆಂಟ್ ಆದೆ. ಎಡಗಿವಿ ಕೇಳದ್ದರಿಂದ ಅವನ ಬಲಭುಜದ ಮೇಲೆ ಬಾಯಿಟ್ಟು ಚೀರಬೇಕಾಗಿತ್ತು. “ಎಮ್ಮಿ” ಎಂದು ನಾನು, “ಎಮ್ಮಿ” ಎಂದು ಅಪ್ಪ. ಜನ ತುಂಬಿದ ಆಟೋ ಕಂಡರೆ “ಟಂಟಂ” ಎಂದು ನಾನು, “ಟಂಟಂ” ಎಂದು ಅಪ್ಪ. “ತಗ್ಗು” ಎಂದು ನಾನು ಕೂಗಿದರೆ ಅಪ್ಪ ಗಟ್ಟಿಯಾಗಿ “ತಗ್ಗು” ಎಂದು ಒಪ್ಪಿಕೊಂಡು ನೆಟ್ಟಗೆ ತಗ್ಗಿನೊಳಗೇ ಇಳಿಸುತ್ತಿದ್ದ. ಕೂಗಿದ ಮೇಲೆ ತಪ್ಪಿಸಬೇಕು ಎಂಬುದು ಅವನ ಅಭ್ಯಾಸದಲ್ಲೇ ಇರಲಿಲ್ಲ. ಡಾಂಬರು ರಸ್ತೆಗೆ ಇಳಿದ ಮೇಲೆ ಇನ್ನೊಂದು ಫಜೀತಿ. ಮುಂದೆ ಎತ್ತಿನಗಾಡಿ ಇದ್ದರೆ ಅಪ್ಪ ದಾಟುತ್ತಿರಲಿಲ್ಲ, ಗಾಡಿ ನಿಲ್ಲಿಸಿ ಅದು ಕಣ್ಮರೆಯಾಗುವವರೆಗೆ ಕಾಯುತ್ತಿದ್ದ. ರೈಲಿನ ನಿಯಮದಲ್ಲಿ ಮುಂದಿನ ಗಾಡಿ ಆಚೆ ಸ್ಟೇಶನ್ ಮುಟ್ಟದೆ ಹಿಂದಿನ ಗಾಡಿ ಬಿಡುವಂತಿಲ್ಲವಂತೆ. ಹಿಂದೆ ಲಾರಿಗಳವರು ಹಾರ್ನ್ ಹೊಡೆದು, ಕೈ ಆಡಿಸಿ, ನನಗೆ ಅರ್ಥವಾಗದ ಮಾತು ಹೇಳಿ ಹೋಗುತ್ತಿದ್ದರು. ಅಪ್ಪನ ಮಂದಗಿವಿಯಿಂದ ಆದ ಒಂದೇ ಉಪಕಾರ ಎಂದರೆ ಆ ಮಾತು ಅವನಿಗೆ ಸರಿಯಾಗಿ ಕೇಳುತ್ತಿರಲಿಲ್ಲ ಎಂಬುದು.

ಆದರೂ ಕಲಿತ. ಮೇ ಮುಗಿಯುವ ಹೊತ್ತಿಗೆ ಎತ್ತಿನಗಾಡಿ ದಾಟುತ್ತಿದ್ದ, ತಗ್ಗು ತಪ್ಪಿಸುತ್ತಿದ್ದ, ಹತ್ತಕ್ಕೆ ಒಂಬತ್ತು ಸಲ ಕಾಲು ಕೊಡುತ್ತಿದ್ದ. ಜೂನ್ ಹಿಡಿದ ಮೇಲೆ ಒಂದು ಸಂಜೆ ಅವ್ವ ತನ್ನ ಪರೀಕ್ಷೆ ಏನೆಂದು ಹೇಳಿದಳು.

“ನಾಳಿಗಿ ಅಡ್ಮಿಶನ್ನಿಗಿ ನನ್ನೂ ಕೂಡ್ರಿಸ್ಕೊಂಡು ಶಾಲಿ ತನಕ ಹೋಗ್ರಿ. ದಾರ್ಯಾಗ ಒಮ್ಮಿ ಬಿದ್ರೂ ಸವಿತಾ ಸೇಡಂಗ ಹೋಗ್ತಾಳ. ಆಮ್ಯಾಲ ನನಗ ಏನೂ ಹೇಳಬ್ಯಾಡ್ರಿ.”

ಮರುದಿನ ಅಪ್ಪ ನಸುಕಿನಲ್ಲೇ ಎದ್ದು ಸಣ್ಣ ಸುತ್ತಿಗೆಯಿಂದ ಗಾಡಿಯ ಒಂದೊಂದು ನಟ್ಟನ್ನೂ ತಟ್ಟಿ ನೋಡಿದ. ಹಿಂದಿನ ರಾತ್ರಿ ಮುಂಗಾರಿನ ಮಿರಗದ ಮೊದಲ ಮಳೆ ಬಿದ್ದು ಕರಿಮಣ್ಣಿನ ವಾಸನೆ ಎದ್ದಿತ್ತು. ನಾನು ನಡುವೆ, ಅವ್ವ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟುಕೊಂಡು, ಮಡಿಲಲ್ಲಿ ನನ್ನ ಟಿ.ಸಿ. ಇದ್ದ ಚೀಲ. ರಸೂಲ್ ಚಾಚಾ ಅಂಗಡಿಯ ಮುಂದೆ ನಿಂತು ಎರಡೂ ಕೈ ಎತ್ತಿ ದುವಾ ಮಾಡಿದರು. ರಸ್ತೆಯ ಎರಡೂ ಕಡೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ರಾಶಿಗಳು, ತೊಗರಿ ಕೊಯ್ದ ಹೊಲಗಳು, ನಡುವೆ ನಮ್ಮ ಕೂಗು. ಅವ್ವ ಮೊದಲ ಎರಡು ಮೈಲಿ ನನ್ನ ಪಕ್ಕೆ ಚಿವುಟಿ ಹಿಡಿದಿದ್ದಳು, ಆಮೇಲೆ ಕೈ ಸಡಿಲ ಬಿಟ್ಟಳು. ನೋಡನೋಡುತ್ತ ಅರ್ಧ ದಾರಿಗಿಂತ ಹೆಚ್ಚು ಮುಗಿಯಿತು. ನನಗೆ ಒಳಗೊಳಗೇ ಕುಣಿಯುವಂತಾಗುತ್ತಿತ್ತು.

ಆಗ ರೈಲ್ವೆ ಗೇಟು ಬಿತ್ತು. ಅಪ್ಪ ಹದವಾಗಿ ನಿಲ್ಲಿಸಿದ, ಎರಡೂ ಕಾಲು ಕೊಟ್ಟ. ಅಕ್ಕಪಕ್ಕ ಟಂಟಂ, ಸೈಕಲ್ಲು, ಕುರಿ ಹಿಂಡು. ಸಿಮೆಂಟ್ ಗೂಡ್ಸ್ ಬರುತ್ತಿತ್ತು. ಎಂಜಿನ್ನಿನ ಕಿಟಕಿಯಲ್ಲಿದ್ದ ಡ್ರೈವರ್ ಹಿಂದೆ ಅಪ್ಪನ ಕೈಕೆಳಗೆ ಅಸಿಸ್ಟೆಂಟ್ ಆಗಿದ್ದವನಂತೆ. ಆತ ಗೇಟಿನಲ್ಲಿ ನಿಂತ ಅಪ್ಪನನ್ನು ಗುರುತು ಹಿಡಿದ. ತಲೆಯ ಮೇಲಿನ ಟೋಪಿ ತೆಗೆದ. ಸೀಟಿಯನ್ನು ಉದ್ದಕ್ಕೆ, ನಮ್ಮನ್ನು ದಾಟಿ ಹೋಗುವವರೆಗೂ ಊದಿದ.

ಅಪ್ಪ ಎರಡೂ ಕೈ ಎತ್ತಿಬಿಟ್ಟ. ಗೇರಿನಲ್ಲಿದ್ದ ಗಾಡಿಯ ಕ್ಲಚ್ ಬಿಟ್ಟರೆ ಏನಾಗುತ್ತದೋ ಅದೇ ಆಯಿತು. ಗಾಡಿ ಒಮ್ಮೆ ಜಿಗಿದು, ಬಂದ್ ಆಗಿ, ಮೂವರನ್ನೂ ಎತ್ತಿಕೊಂಡು ಎಡಕ್ಕೆ ಮಲಗಿತು. ನಾನು ಕುರಿಗಳ ಕಾಲ ಬಳಿ ಬಿದ್ದೆ. ಜನ ನಕ್ಕರು. ನನಗೆ ಏಟು ಗೊತ್ತಾಗಲಿಲ್ಲ, ಕಣ್ಣ ಮುಂದೆ ಬಂದದ್ದು ಅತ್ತೆಯ ಕಪಾಟಿನ ಖಾಲಿ ಖಾನೆ. ಅಳುತ್ತ ಅವ್ವನ ಕಡೆ ನೋಡಿದೆ. ಅವ್ವ ಎದ್ದು ಸೀರೆಯ ಕೆಸರು ಒರೆಸಿಕೊಳ್ಳುತ್ತ ಅಪ್ಪನನ್ನು ನೋಡುತ್ತಿದ್ದಳು. ಅಪ್ಪನಿಗೆ ನಮ್ಮ ಯಾರ ಪರಿವೆಯೂ ಇರಲಿಲ್ಲ. ಕೆಸರಿನಲ್ಲಿ ಮೊಣಕಾಲೂರಿ, ರೈಲಿನ ಕೊನೆಯ ಡಬ್ಬಿ ಮರೆಯಾಗುವವರೆಗೆ ಕೈ ಎತ್ತಿಕೊಂಡೇ ಇದ್ದ. ಅವನ ಕಣ್ಣು ತುಂಬಿದ್ದವು.

ಗೇಟು ಎದ್ದಿತು. ಜನ ದಾಟಿ ಹೋದರು. ಅಪ್ಪ ಆಗ ನಮ್ಮ ಕಡೆ ತಿರುಗಿ, ಏನಾಗಿದೆ ಎಂದು ತಿಳಿದು, ತಲೆ ತಗ್ಗಿಸಿದ.

“ಗಾಡಿ ನಿಂತಿತ್ತಲ್ಲ,” ಅವ್ವ ಹೇಳಿದಳು. “ನಿಂತದ್ದು ಬಿದ್ರ ಅದು ಲೆಕ್ಕಕ್ಕಿಲ್ಲ. ಎತ್ರಿ, ಶಾಲಿ ಹೊತ್ತಾತು.”

ಹಾಗೆ ಮೂರು ವರ್ಷ ನಾನು ಅಪ್ಪನ ಹಿಂದೆ ಕೂತು ಶಾಲೆಗೆ ಹೋದೆ. ಆ ದಾರಿ ಕ್ರಮಿಸಲು ನಮಗೆ ಮುಕ್ಕಾಲು ತಾಸು ಬೇಕಾಗುತ್ತಿತ್ತು. ನಮ್ಮನ್ನು ಸೈಕಲ್ಲಿನವರು ದಾಟಿ ಹೋದದ್ದೂ ಉಂಟು. ಈಗ ಆ ಗೇಟಿನ ಜಾಗದಲ್ಲಿ ಮೇಲ್ಸೇತುವೆ ಬಂದಿದೆ, ಯಾರೂ ಅಲ್ಲಿ ನಿಲ್ಲುವುದಿಲ್ಲ. ನನ್ನ ಮಗಳು ಶಾಲೆಯ ವ್ಯಾನಿನಲ್ಲಿ ಹೋಗುತ್ತಾಳೆ. ನಾನು ಸ್ಕೂಟಿಯಲ್ಲಿ ಅದೇ ದಾರಿಯನ್ನು ಹದಿನೈದು ನಿಮಿಷಕ್ಕೆ ಮುಗಿಸುತ್ತೇನೆ. ಉಳಿದ ಅರ್ಧ ತಾಸಿನಲ್ಲಿ ಏನು ಮಾಡಿದೆ ಎಂದು ಕೇಳಿದರೆ ಹೇಳಲಿಕ್ಕೆ ಬರುವುದಿಲ್ಲ. ಅಪ್ಪ ತೀರಿಕೊಂಡು ಆರು ವರ್ಷವಾಯಿತು.

ಮೊನ್ನೆ ಅವ್ವ ನಮ್ಮಲ್ಲಿಗೆ ಬಂದಾಗ, ಅಕ್ಕಿ ಆರಿಸುತ್ತ ಕೂತಿದ್ದವಳನ್ನು ಕೇಳಿದೆ. ಆ ದಿನ ನಾನು ಅತ್ತದ್ದಕ್ಕೇ ನೀನು ಮಾತು ಬದಲಿಸಿದೆಯಲ್ಲವೇ, ನನ್ನನ್ನು ಕಳಿಸಲು ಮನಸ್ಸು ಬರಲಿಲ್ಲ ಅಲ್ಲವೇ ಎಂದು. ಅವ್ವ ಮೊರದಿಂದ ತಲೆ ಎತ್ತಲಿಲ್ಲ.

“ನೀ ಏನು, ಎಲ್ಲಿ ಬಿಟ್ರೂ ಎಂಟು ದಿನದಾಗ ಹೊಂದಿಕೊಳ್ತಿದ್ದಿ. ನಿಮ್ಮಪ್ಪಗ ಬೆಳಿಗ್ಗಿ ಎದ್ದು ಹೋಗ್ಲಿಕ್ಕ ಒಂದು ಊರು ಬೇಕಾಗಿತ್ತು. ನೀ ಇಲ್ದಿದ್ರ ಆ ಗಾಡಿ ಎಲ್ಲಿಗಿ ಹೋಗ್ತಿತ್ತು?”

ಅಷ್ಟು ಹೇಳಿ ಅವ್ವ ಒಂದು ಹರಳು ಹೆಕ್ಕಿ ಹೊರಗೆಸೆದಳು. ಮೂರು ವರ್ಷ ಅಪ್ಪನೇ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಾನೆ ಎಂದು ನಾನು ತಿಳಿದಿದ್ದೆ.