ರಾಗಿ ಹೆಂಡ ಸೋಸಲು ಇನ್ನೊಬ್ಬರು

ಗೆಳೆಯರೇ, ಇವತ್ತು ಬೆಳಿಗ್ಗೆ ನೋಡಿದರೆ ಮಡಕೆಯಲ್ಲಿದ್ದ ರಾಗಿ ಹೆಂಡ ಹದಕ್ಕೆ ಬಂದಿತ್ತು. ಹೊಟ್ಟು, ಗಸಿ ಸೋಸಬೇಕು. ಒಬ್ಬರು ಬಟ್ಟೆ ಹಿಡಿಯಬೇಕು, ಇನ್ನೊಬ್ಬರು ಹುಯ್ಯಬೇಕು. ಹಳ್ಳಿಮೈಸೂರಿನ ಈ ಮನೆಯಲ್ಲಿ ನಾನೊಬ್ಬನೇ. ಎಂದಿನಂತೆ ಪಕ್ಕದ ಮನೆಯ ಕಾಳೇಗೌಡನನ್ನು ಕರೆದೆ.

ಬಟ್ಟೆ ಹಿಡಿದು ನಿಂತವನು, "ಅಲ್ಲ ಸಾ, ಒಬ್ರು ಕುಡಿಯಾಕೆ ಇಬ್ರು ಸೋಸೋದಾ? ಪಾನನಿರೋಧದ ಪೊಲೀಸ್ರು ಬಂದ್ರೆ ಸುಮ್ನೆ ನಾನೂ ಒಳಕ್ಕೆ. ಇನ್ನೊಂದು ಮಡಕೆ ಬಾಯ್ಗೆ ಬಟ್ಟೆ ಕಟ್ಬುಡಿ. ನನ್ನ ಕರೆಯೋ ತಾಪತ್ರಯನೇ ಇರಾಕಿಲ್ಲ" ಎಂದ.

"ಹೌದಲ್ಲ, ನನಗೆ ಹೊಳೆದೇ ಇರಲಿಲ್ಲ" ಎಂದೆ.

ಅವನೇ ಹುರಿ ಬಿಗಿದು ಕಟ್ಟಿಕೊಟ್ಟ. ಒಂದು ಲೋಟ ಕುಡಿದು, ಉಪಕಾರ ಮಾಡಿದ ತೃಪ್ತಿಯಲ್ಲಿ ಹೊರಟ. ಅವನು ಬೇಲಿ ದಾಟುವವರೆಗೆ ಕಾದು ಗಂಟು ಬಿಚ್ಚಿದೆ, ಹುರಿಯನ್ನು ಒಲೆಗೆ ಹಾಕಿದೆ.

ಮುಂದಿನ ಸಲ ಸೋಸಲು ಕರೆದಾಗ ಹುರಿ ಎಲ್ಲಿ ಎಂದು ಕೇಳಿದರೆ, ಇಲಿ ಕಡಿಯಿತು ಎಂದರಾಯಿತು.