ಕುಂದ್ರಾಕ ಒಂದು ಕಟ್ಟಿ

ಇವತ್ತು ಮುಂಜಾನೆ ನವಲಗುಂದದ ಬಸ್‌ಸ್ಟ್ಯಾಂಡಿನ ಹೊರಗೆ ಒಬ್ಬಾಕೆ ಹಸಿ ಕಡ್ಲಿ ಗಿಡದ ಸಿವುಡು ಇಟ್ಟುಕೊಂಡು ಮಾರುತ್ತಿದ್ದಳು. ಒಂದು ಸಿವುಡು ಕೊಂಡೆ. ಕಾಯಿ ಸುಲಿಯುವಾಗ ಬೆರಳಿಗೆ ಹತ್ತಿದ ಹುಳಿಯನ್ನು, ಪರಿಚಯದವರು ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನೆಕ್ಕಿದೆ. ಕರಿ ಮಣ್ಣಿನ ಎರಿ ಹೊಲದ ಕಡ್ಲಿ ಎಲೆಯ ಮೇಲೆ ಚಳಿಗಾಲದ ಇಬ್ಬನಿಯ ಜೊತೆ ಅಂಟಿಕೊಂಡಿರುತ್ತದಲ್ಲ, ಆ ಹುಳಿ. ನಾಲಿಗೆಗೆ ತಾಗಿದ್ದೇ ತಡ, ತಿರ್ಲಾಪುರದ ಗಂಗವ್ವ ಎದುರಿಗೆ ಬಂದು ನಿಂತಂತಾಯಿತು. ಆಕೆಯನ್ನು ಮೊದಲು ಕಂಡ ದಿನ ಆಕೆಯ ಉಡಿಯಲ್ಲಿ ಇಂಥದೇ ಕಡ್ಲಿ ಇತ್ತು, ಮತ್ತು ಆಕೆ ನಿಂತೇ ಇದ್ದಳು.

ನಮ್ಮದೊಂದು ಮಹಿಳಾ ಸೇವಾ ಸಂಘ. ಸಂಘ ಅಂದಕೂಡಲೇ ನಿಮ್ಮ ಕಣ್ಣಿಗೆ ಏನು ಬರುತ್ತದೋ ನಾವು ಅಗದಿ ಹಾಗೇ ಇದ್ದೆವು. ಎಲ್ಲರದೂ ಒಂದೇ ಬಣ್ಣದ ಸೀರೆ, ಒಂದು ಬ್ಯಾನರು, ವರ್ಷಕ್ಕೊಮ್ಮೆ ಹೊಲಿಗೆ ಯಂತ್ರದ ಹಿಂದೆ ನಿಂತು ಫೋಟೊ. ನಾನು ಕಾರ್ಯದರ್ಶಿ. ಫೋಟೊದಲ್ಲಿ ನಡುವಿನ ಜಾಗ ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಅಧ್ಯಕ್ಷೆ ಸುಮಕ್ಕ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರಿಗೆ ಫೋಟೊದ ಹುಚ್ಚಿರಲಿಲ್ಲ. ಪ್ರಶ್ನೆ ಕೇಳುವ ಹುಚ್ಚಿತ್ತು. "ಪ್ರತಿ ವರ್ಷ ನಮಗ ತಿಳಿದದ್ದು ಕೊಡತೀವಿ. ಈ ಸಲ ಅವ್ರನ್ನ ಕೇಳೂಣು," ಅಂದರು. ಹಾಗೆ ಕೇಳಲಿಕ್ಕೆ ನಾವು ತಿರ್ಲಾಪುರಕ್ಕೆ ಹೋದದ್ದು.

ಶಾಲೆಯ ಕೋಣೆಯಲ್ಲಿ ಸಭೆ. ಕುರ್ಚಿ ಹಾಕಿದ್ದರು, ಜಮಖಾನೆ ಹಾಸಿದ್ದರು. ಹೊಲದಿಂದ ನೇರ ಬಂದಿದ್ದ ಹೆಣ್ಣುಮಕ್ಕಳು ಮಾತ್ರ ಗೋಡೆಗೆ ಆತು ನಿಂತೇ ಇದ್ದರು. ಏನು ಬೇಕೆಂದು ಸುಮಕ್ಕ ಕೇಳಿದರು. ಮೊದಲು ಬಾಯಿ ಬಿಟ್ಟವಳು ಗಂಗವ್ವ. ಐವತ್ತು ದಾಟಿದ, ಕೂಲಿ ಮಾಡಿ ಬಲಿತ ಗಟ್ಟಿ ದೇಹದ ಹೆಂಗಸು.

"ನಮಗೊಂದು ಕಟ್ಟಿ ಬೇಕ್ರಿ ಅಕ್ಕಾರ. ಕುಂದ್ರಾಕ."

ಎಲ್ಲರೂ ನಕ್ಕರು. ಆಕೆ ನಗಲಿಲ್ಲ.

"ಗಂಡಸರಿಗೆ ಗುಡಿ ಕಟ್ಟಿ ಐತಿ, ಪಂಚಾಯ್ತಿ ಕಟ್ಟಿ ಐತಿ, ಚಾದಂಗಡಿ ಬಾಕು ಅದಾವು. ನಾವು ನೀರಿಗೆ ಹೋದ್ರ ನಿಂದರತೀವಿ, ರೇಶನ್ನಿಗೆ ನಿಂದರತೀವಿ, ಬಸ್ಸಿಗೆ ನಿಂದರತೀವಿ. ಬಸ್ ನಿಲ್ಲೂ ಜಾಗಾದಾಗ ಒಂದು ಕಟ್ಟಿ ಕಟ್ಟಿಸಿ ಕೊಡ್ರಿ."

ನವಲಗುಂದಕ್ಕೆ ಮರಳುವಾಗ ದಾರಿಯುದ್ದಕ್ಕೂ ನಾವು ಚರ್ಚೆ ಮಾಡಿದೆವು. ಕಟ್ಟೆಯನ್ನು ಫಲಾನುಭವಿಯ ಕೈಗೆ ಕೊಡುವ ಫೋಟೊ ಹೇಗೆ ತೆಗೆಯುವುದು ಎಂಬುದು ನನ್ನ ಚಿಂತೆ. ಸುಮಕ್ಕ ಕಿಟಕಿಯಾಚೆ ನೋಡುತ್ತ ಅಂದರು: "ಮೂವತ್ತು ವರ್ಷ ಪಾಠ ಮಾಡೇನಿ. ಯಾವ ಹುಡುಗೀನೂ ಇಂಥಾ ನೇರ ಉತ್ತರ ಕೊಟ್ಟಿರಲಿಲ್ಲ ನೋಡ್ರಿ."

ಊರಲ್ಲಿ ಇದು ಸಲೀಸಾಗಿ ಸಾಗಲಿಲ್ಲ. ಪಂಚಾಯ್ತಿಯಲ್ಲಿ ಚನ್ನಪ್ಪಗೌಡರ ಮಾತೇ ಮಾತು. ಒಳ್ಳೆಯ ಮನುಷ್ಯ, ಆದರೆ ಊರಿನ ಮರ್ಯಾದೆಯೆಲ್ಲ ತಮ್ಮ ರುಮಾಲಿನಲ್ಲೇ ಸುತ್ತಿಕೊಂಡವರಂತೆ ನಡೆಯುತ್ತಿದ್ದರು. "ಹೆಣ್ಮಕ್ಕಳು ರಸ್ತಾ ಬಾಜು ಕುಂತ್ರ ಊರಿನ ಮರ್ಯಾದಿ ಏನಾಗಬೇಕ್ರಿ?" ಅಂದರು.

ಗಂಗವ್ವ ಸೆರಗು ಸರಿಮಾಡಿಕೊಂಡು, ತಗ್ಗಿದ ದನಿಯಲ್ಲೇ, "ಗೌಡ್ರ, ರಸ್ತಾ ಬಾಜು ನಿಂತಾಗ ಇದ್ದ ಮರ್ಯಾದಿ ಕುಂತ್ರ ಎಲ್ಲಿ ಹೊಕ್ಕೈತ್ರಿ?" ಅಂದಳು.

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಗೌಡರು ರುಮಾಲು ಸರಿಮಾಡಿಕೊಳ್ಳುವುದರೊಳಗೆ ಠರಾವು ಪಾಸಾಗಿತ್ತು.

ಎರಿ ಮಣ್ಣಿನ ಮೇಲೆ ಏನು ಕಟ್ಟಿದರೂ ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಮನುಷ್ಯರ ಸ್ವಭಾವದಂತೆ ಅಂತ ಬರೆಯಬೇಕೆನಿಸುತ್ತದೆ, ಬೇಡ. ಕಲ್ಲು ಕಟ್ಟುವ ಗೌಂಡಿ ಆಳವಾಗಿ ತೋಡಿ ಗಟ್ಟಿ ಗರಸು ಮಣ್ಣು ತುಂಬಬೇಕೆಂದ. ಗಂಗವ್ವ ಮತ್ತು ಓಣಿಯ ಹೆಂಗಸರೇ ತೋಡಿದರು, ಬುಟ್ಟಿ ಹೊತ್ತರು. ನಾನೂ ಒಂದು ಬುಟ್ಟಿ ಹೊತ್ತು, ಮರುದಿನ ಕುತ್ತಿಗೆ ತಿರುಗಿಸಲಾರದೆ ಮನೆಯಲ್ಲಿ ಎಲ್ಲರ ಕಡೆಗೂ ಇಡೀ ಮೈ ತಿರುಗಿಸಿ ಮಾತಾಡಿದೆ. ಬಸ್ ನಿಲ್ಲುವ ಜಾಗದ ಬೇವಿನ ಗಿಡದ ಕೆಳಗೆ ಉದ್ದಕ್ಕೆ ಹಾಸುಗಲ್ಲಿನ ಕಟ್ಟೆ ಎದ್ದಿತು. ರಿಬ್ಬನ್ ಕತ್ತರಿಸಿ, ಪೇಢೆ ಹಂಚಿ, ಚಪ್ಪಾಳೆ ತಟ್ಟಿಸಿಕೊಂಡು ನಾವು ಊರಿಗೆ ಬಂದೆವು.

ಮುಂದಿನ ವಾರ ಸುಮಕ್ಕ ಮತ್ತು ನಾನು ಹೋಗಿ ನೋಡಿದರೆ, ಕಟ್ಟೆಯ ತುಂಬ ಗಂಡಸರು. ಒಂದು ಮೂಲೆಯಲ್ಲಿ ಇಸ್ಪೀಟು, ಇನ್ನೊಂದು ಮೂಲೆಯಲ್ಲಿ ಚನ್ನಪ್ಪಗೌಡರು. ಹೆಣ್ಣುಮಕ್ಕಳು ಪಕ್ಕದ ಬಿಸಿಲಲ್ಲಿ ಚೀಲ ಹಿಡಿದು ನಿಂತಿದ್ದರು. ನನಗೆ ಅಳುವೇ ಬಂತು.

ಗಂಗವ್ವ ನಮ್ಮನ್ನು ಬಾಜೂಕ ಕರೆದಳು. ಆಗ ಹೇಳಿದಳು, ಕಟ್ಟೆ ಯಾಕೆ ಕೇಳಿದ್ದೆಂದು. ಆ ವರ್ಷ ಹತ್ತನೇ ಇಯತ್ತೆಯಲ್ಲಿದ್ದ ಮೊಮ್ಮಗಳು ಸಾವಿತ್ರಿ ಈಗ ಪಾಸಾಗಿದ್ದಳು. ನವಲಗುಂದದ ಕಾಲೇಜಿಗೆ ಹೋದರೆ ವಾಪಸು ಬರುವ ಬಸ್ಸು ಮುಚ್ಚಂಜಿಗೆ. ಆ ಹೊತ್ತಿಗೆ ಇಲ್ಲಿ ಹುಡುಗರು ಬೈಕು ತಿರುಗಿಸುತ್ತ ಏನೇನೋ ಅನ್ನುತ್ತಿದ್ದರು. "ಓದಿದ್ದು ಸಾಕು," ಅಂದಿದ್ದ ಗಂಗವ್ವನ ಮಗ. ವರ ನೋಡಲಿಕ್ಕೂ ಶುರು ಮಾಡಿದ್ದ.

"ಆ ಹೊತ್ತಿನ್ಯಾಗ ಇಲ್ಲೆ ನಾಕ ಮಂದಿ ಹೆಂಗಸರು ಕುಂತಿದ್ರ ಯಾವ ಮಗಾ ಗಾಡಿ ತಿರಗಸ್ತಾನ್ರಿ? ಅದಕ್ಕ ಕೇಳಿದ್ನಿ. ಆದ್ರ ಅಕ್ಕಾರ, ನಮಗ ಕುಂದ್ರಾಕ ಬರವಲ್ದು. ಕಾಲು ಮಡಚವಲ್ವು."

"ಬರವಲ್ದಂದ್ರ ಕಲಿಯೂಣು," ಅಂದರು ಸುಮಕ್ಕ. ಸೀದಾ ಕಟ್ಟೆಗೆ ಹೋಗಿ ಒಬ್ಬ ಮೀಸೆಯವನಿಗೆ, "ತಮ್ಮಾ, ಒಂಚೂರು ಸರಿ," ಅಂದರು. ಅವನು ಸರಿದ. ಸುಮಕ್ಕ ಕೂತರು. ನನ್ನ ಕೈ ಜಗ್ಗಿ ಕೂರಿಸಿದರು. ಆಮೇಲೆ ಗಂಗವ್ವನ ಕಡೆ ನೋಡಿದರು.

ಗೌಡರ ಹೊಲದಲ್ಲಿ ಜೀವಮಾನವಿಡೀ ಕಳೆ ತೆಗೆದವಳು ಗಂಗವ್ವ. ಅವರೆದುರು ಕೂತವಳಲ್ಲ, ಆಕೆಯ ಅವ್ವನೂ ಕೂತಿರಲಿಲ್ಲ. ಸೆರಗು ಬಿಗಿಹಿಡಿದು ಬಂದು, ಗೌಡರು ಕೂತ ಅದೇ ಕಲ್ಲಿನ ಇನ್ನೊಂದು ತುದಿಗೆ ಕೂತೇಬಿಟ್ಟಳು. ಇಸ್ಪೀಟು ನಿಂತಿತು. ಗೌಡರು ಆಕಾಶ ನೋಡಿದರು, ಬೇವಿನ ಗಿಡ ನೋಡಿದರು, "ಬಿಸಲ ಭಾಳ ಐತಿ," ಎಂದು ನೆರಳಿನಿಂದೆದ್ದು ಬಿಸಿಲಿಗೆ ಹೋದರು. ಹಿಂದಿನಿಂದ ಒಬ್ಬೊಬ್ಬರಾಗಿ ಉಳಿದವರೂ ಎದ್ದರು.

ಅವತ್ತಿನಿಂದ ನಮ್ಮ ಸಂಘದ ಸೇವೆಯೆಂದರೆ ಸಂಜೆ ತಿರ್ಲಾಪುರಕ್ಕೆ ಹೋಗಿ ಸುಮ್ಮನೆ ಕೂರುವುದು. ಪಾಳಿ ಹಾಕಿಕೊಂಡು ಹೋಗುತ್ತಿದ್ದೆವು. ಮೊದಮೊದಲು ಊರಿನ ಹೆಂಗಸರು ನೆಪಕ್ಕೆ ಏನಾದರೂ ಕೆಲಸ ತರುತ್ತಿದ್ದರು. ಒಬ್ಬಾಕೆ ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದಳು, ಇನ್ನೊಬ್ಬಾಕೆ ಶೇಂಗಾ ಸುಲಿಯುತ್ತಿದ್ದಳು. ಒಂದು ದಿನ ಮೊರದಲ್ಲಿ ಜೋಳ ಹಿಡಿದುಕೊಂಡು ಗೌಡರ ಹೆಂಡತಿ ಶಂಕ್ರವ್ವನೇ ಬಂದರು! ಗಂಗವ್ವನಿಂದ ಒಂದು ಮೊಳ ಜಾಗ ಬಿಟ್ಟು ಕೂತರು. ಆ ಮೊಳದ ಅರ್ಥ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡಲಿಲ್ಲ. ಮತ್ತಷ್ಟು ಮಂದಿ ಬಂದರು, ಒತ್ತಿ ಕೂತರು, ಮೊಳ ಗೇಣಾಯಿತು. ಒಂದು ಸಂಜೆ ನೋಡುತ್ತೇನೆ, ಶಂಕ್ರವ್ವನ ಮೊರದೊಳಗಿನ ಜೋಳದಲ್ಲಿ ಗಂಗವ್ವನ ಕೈಯೂ ಕಲ್ಲುಹಳ್ಳು ಆರಿಸುತ್ತಿದೆ.

ಮಗನನ್ನು ಒಪ್ಪಿಸಿ ಗಂಗವ್ವ ಸಾವಿತ್ರಿಯನ್ನು ಕಾಲೇಜಿಗೆ ಕಳಿಸಿದಳು. ಮೊದಲ ದಿನದ ಮುಚ್ಚಂಜಿ ನಾನು ಅಲ್ಲಿದ್ದೆ. ಬಸ್ಸು ನಿಂತಿತು, ಹುಡುಗಿ ಇಳಿದಳು. ಎಲ್ಲಿಂದಲೋ ಒಂದು ಬೈಕು ಬಂದು ಆಕೆಯ ಸುತ್ತ ಒಂದು ಸುತ್ತು ಹಾಕಿತು. ಆಗ ಶಂಕ್ರವ್ವ ಕೂತಲ್ಲಿಂದಲೇ ಕೂಗಿದರು:

"ಯಾರೋ ಅವಾ? ಬಾರಲೇ ಇಲ್ಲೆ. ನಿಮ್ಮವ್ವ ನನ್ನ ಬಾಜೂಕ ಕುಂತಾಳ, ಮಾತಾಡಿ ಹೋಗು!"

ಅವನ ಅವ್ವ ನಿಜವಾಗಿಯೂ ಅಲ್ಲೇ ಕೂತಿದ್ದಳು. ಆಕೆ ಏಳುವುದರೊಳಗೆ ಬೈಕು ಮಾಯ. ಇಡೀ ಕಟ್ಟೆ ನಕ್ಕಿತು. ತಲೆ ತಗ್ಗಿಸಿದ್ದ ಸಾವಿತ್ರಿಯೂ ತಲೆಯೆತ್ತಿ ನಕ್ಕಳು. ಗಂಗವ್ವ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು. ದೀಪಾವಳಿಯ ಹೊತ್ತಿಗೆ ಆ ಬಸ್ಸಿನಿಂದ ಇಳಿಯುವ ಹುಡುಗಿಯರದೇ ಒಂದು ಹಿಂಡಾಯಿತು. ಸಾವಿತ್ರಿ ಈಗ ಹುಬ್ಬಳ್ಳಿಯಲ್ಲಿ ಲ್ಯಾಬ್ ಟೆಕ್ನಿಶಿಯನ್. ಮದುವೆಯ ಮಾತೆತ್ತಿದರೆ, "ನಾ ಹೇಳಿದಾಗ," ಅನ್ನುತ್ತಾಳಂತೆ.

ಇವತ್ತು ಬಸ್‌ಸ್ಟ್ಯಾಂಡಿನಲ್ಲಿ ಇಷ್ಟೆಲ್ಲ ನೆನೆಯುವಷ್ಟರಲ್ಲಿ ಸುಮಕ್ಕ ಬಂದರು, ಬಸ್ಸೂ ಬಂತು. ಮೊರಬ ಎಂಬ ಊರಿನ ಹೆಣ್ಣುಮಕ್ಕಳು ಫೋನು ಮಾಡಿ ಬರಲಿಕ್ಕೆ ಹೇಳಿದ್ದರು. ಅವರಿಗೂ ಕಟ್ಟೆ ಬೇಕಿರಬಹುದೆಂದು ಠರಾವು, ಅರ್ಜಿ, ಗೌಂಡಿ ಅಂತ ಮಾತಾಡುತ್ತಲೇ ಹೋದೆವು. ಇಳಿದು ನೋಡಿದರೆ, ಕಟ್ಟೆ ಆಗಲೇ ಎದ್ದು ನಿಂತಿದೆ. ನಮ್ಮನ್ನು ಕೇಳಿಲ್ಲ, ಉದ್ಘಾಟನೆಗೆ ಕರೆದಿಲ್ಲ, ಕಲ್ಲಿನ ಮೇಲೆ ಯಾರ ಹೆಸರೂ ಇಲ್ಲ. ಮುದುಕಿಯರು, ಸೊಸೆಯಂದಿರು, ಸಮವಸ್ತ್ರದ ಹುಡುಗಿಯರು, ಎಲ್ಲರೂ ಗದ್ದಲ ಮಾಡುತ್ತ ತುಂಬಿ ಕೂತಿದ್ದಾರೆ.

"ನಮ್ಮನ್ನ್ಯಾಕ ಕರದಿರಿ ಮತ್ತ?" ಸುಮಕ್ಕ ಕೇಳಿದರು.

"ಮಾತಾಡಾಕ್ರಿ," ಅಂದಳು ಒಬ್ಬ ಹುಡುಗಿ.

ಸಂಘಕ್ಕೆ ಮಾಡಲು ಕೆಲಸವೇ ಉಳಿಯದ ಆ ಊರಲ್ಲಿ ಸುಮಕ್ಕ ಸೊಂಟಕ್ಕೆ ಕೈಯಿಟ್ಟು ನಗುತ್ತ ನಿಂತರು. ಅಷ್ಟು ಹೆಮ್ಮೆ ಅವರ ಮುಖದಲ್ಲಿ ನಾನು ಯಾವ ಸನ್ಮಾನದ ದಿನವೂ ಕಂಡಿರಲಿಲ್ಲ. ನಮಗಾಗಿ ಇಡೀ ಸಾಲು ಸರಿಯಿತು. ಅಂಚಿನಲ್ಲಿ ಸಿಕ್ಕ ಸ್ವಲ್ಪ ಜಾಗದಲ್ಲಿ ನಾನು ಕೂತೆ. ಯಾರೂ ಫೋಟೊ ತೆಗೆಯಲಿಲ್ಲ, ನನಗೆ ಅದು ನೆನಪೂ ಆಗಲಿಲ್ಲ.