ಕಾಕಾ ನುಂಗಿದ ಚೀಟಿ

ಮೊನ್ನೆ ಯಾರದೋ ಲಗ್ನಪತ್ರಿಕೆ ಬಂತು. ಬಿಚ್ಚುವ ಮೊದಲೇ ಮೂಸಿ ನೋಡಿದೆ; ಯಾವುದನ್ನೂ ಪರೀಕ್ಷಿಸದೆ ನಂಬುವವಳಲ್ಲ ನಾನು. ಹಸಿ ಇಂಕಿನ ವಾಸನೆ... ಹರಿಹರದಲ್ಲಿ ಪ್ರೆಸ್ ಇಟ್ಟಿದ್ದ ಕಾಕಾ ನೆನಪಾದರು. ಅಪ್ಪನ ಸ್ನೇಹಿತರು.

ತೊಂಬತ್ತರ ದಶಕದ ಕೊನೆ. ಆಷಾಢದಲ್ಲಿ ಮದುವೆಗಳಿಲ್ಲ, ಪ್ರೆಸ್ಸಿಗೆ ಕೆಲಸವಿಲ್ಲ. ಭಾನುವಾರ ಅಣ್ಣನೂ ನಾನೂ ದಾವಣಗೆರೆಯಿಂದ ಬಸ್ಸು ಹತ್ತಿ ಹೋದರೆ ಕಾಕಾ ಆಟ ಹೂಡುತ್ತಿದ್ದರು. ಯಾವನೋ ಕಾಲೇಜು ಹುಡುಗ ಬಿಟ್ಟುಹೋದ ಇಂಗ್ಲಿಷ್ ಪುಸ್ತಕ ನೋಡಿ ಕಲಿತದ್ದು. ಕಾಕಾ ಕಥೆ ಹೇಳುತ್ತ ಹೋದಂತೆ ನಾವು ಅದರೊಳಗೆ ಒಬ್ಬೊಬ್ಬರು ಒಬ್ಬೊಬ್ಬ ವೀರರಾಗಿ, ಏನು ಮಾಡುತ್ತೇವೆಂದು ಬಾಯಲ್ಲಿ ಹೇಳಬೇಕು. ಗೆದ್ದೆವೋ ಸತ್ತೆವೋ ದಾಳ ಹೇಳಬೇಕು. ಇಪ್ಪತ್ತು ಮುಖದ ದಾಳ ಹರಿಹರದಲ್ಲೆಲ್ಲಿ ಸಿಗಬೇಕು? ಕಾಕಾ ರಟ್ಟಿನ ಚೂರುಗಳ ಮೇಲೆ ಒಂದರಿಂದ ಇಪ್ಪತ್ತರವರೆಗೆ ಬರೆದು ಚೊಂಬಿಗೆ ಹಾಕಿದ್ದರು. ದೊಡ್ಡ ಅಂಕಿ ಬಂದರೆ ಗೆಲುವು, ಒಂದು ಬಂದರೆ ಸಾವು. ಅಡ್ಡಕ್ಕೊಂದು ದೊಡ್ಡ ರಟ್ಟು ನಿಲ್ಲಿಸಿಕೊಂಡು ಚೀಟಿಯನ್ನು ತಾವೇ ಎತ್ತುತ್ತಿದ್ದರು.

ನನಗೆ ಆ ರಟ್ಟಿನ ಮೇಲೇ ಕಣ್ಣು. ನಮ್ಮ ವೀರರು ಸಾಯುವುದೇ ಇಲ್ಲವಲ್ಲ! ಒಮ್ಮೆ ಅವರು ಎಲೆಅಡಿಕೆ ತರಲು ಎದ್ದಾಗ ಚೊಂಬು ಬೋರಲು ಹಾಕಿದೆ. ಒಂದು, ಎರಡು, ಮೂರು... ಆ ಚೀಟಿಗಳೇ ಇರಲಿಲ್ಲ.

ವಾಪಸು ಬಂದವರನ್ನು ಹಿಡಿದು ಕೇಳಿದೆ, "ಇದೇನ್ ಕಾಕಾ, ಮೋಸ?"

"ಶೂರರ ಕಥೆ ಆಡಾಕ ಬಂದೀರಿ. ಸಾಯೋ ಭಯ ಐತೆ ಅಂದ್ರ ಶೂರತನ ಎಲ್ಲಿಂದ ಬರುತ್ತವ್ವ?"

"ಭಯನೇ ಇಲ್ಲ ಅಂದ್ಮ್ಯಾಲೆ ಅದೆಂಥ ಶೂರತನ?" ಎಂದು ನಾನೂ ಬಿಡಲಿಲ್ಲ. ಹಟ ಹಿಡಿದು ಸಣ್ಣ ಅಂಕಿಗಳನ್ನು ವಾಪಸು ಹಾಕಿಸಿದೆ.

ಆಮೇಲೆ ಆಟವೇ ಕೆಟ್ಟಿತು. ಹುಲಿಯಂತಿದ್ದ ಅಣ್ಣನ ವೀರ ಪ್ರತಿ ಬಾಗಿಲನ್ನೂ ಕೋಲಿನಿಂದ ಚುಚ್ಚಿ ನೋಡತೊಡಗಿದ. ಒಂದು ಗುಹೆ ಹೊಗಲು ಅರ್ಧ ದಿನ! ಕಾಕಾ ಆಕಳಿಸುತ್ತ ಕೂತಿರುತ್ತಿದ್ದರು.

ಕೊನೆಗೆ ನನಗೇ ರೋಸಿಹೋಯಿತು. ಕಥೆಯಲ್ಲಿ ರಾಕ್ಷಸನೊಬ್ಬ ನಮ್ಮನ್ನು ಸೇತುವೆಯವರೆಗೆ ಅಟ್ಟಿಸಿಕೊಂಡು ಬಂದಿದ್ದ. "ಅಣ್ಣ, ನೀ ಓಡು. ನಾ ಇಲ್ಲೇ ನಿಲ್ತೀನಿ," ಎಂದೆ. ನನ್ನ ಪಾತ್ರವೆಂದರೆ ಎರಡು ಆಷಾಢ ನಾನು ಬೆಳೆಸಿದ, ಕತ್ತಿ ಹಿಡಿದ ಹೆಣ್ಣು. ಸತ್ತರೆ ಮತ್ತೆ ಹುಟ್ಟುವಂತಿಲ್ಲ. ಕಾಕಾ ಚೀಟಿ ಎತ್ತಿದರು, ನೋಡಿದರು, ಮತ್ತೊಮ್ಮೆ ನೋಡಿದರು...

"ಹದಿನೆಂಟು! ಬಿದ್ದ ನೋಡು ರಾಕ್ಷಸ ಹೊಳಿಗೆ!"

"ಚೀಟಿ ತೋರಸ್ರಿ."

ಕಾಕಾ ಅದನ್ನು ಎಲೆಅಡಿಕೆಯ ಜೊತೆ ಬಾಯಿಗೆ ಹಾಕಿಕೊಂಡು ಜಗಿದೇಬಿಟ್ಟರು! ಮೈಯೆಲ್ಲ ಉರಿದುಹೋಯಿತು. ಚೊಂಬಿನಲ್ಲಿ ಯಾವ ಅಂಕಿ ಕಡಿಮೆ ಬಿದ್ದಿದೆಯೆಂದು ಹುಡುಕಬಹುದಿತ್ತು. ಕೈ ಚಾಚಿದೆ... ಯಾಕೋ ಮನಸ್ಸಾಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಕಾಕಾ ತೀರಿಕೊಂಡರೆಂದು ಅಣ್ಣ ಫೋನಿನಲ್ಲಿ ಹೇಳಿದಾಗ, "ಸುಳ್ಳು ಹೇಳಬ್ಯಾಡ," ಎಂದೆ. ಅವರಿದ್ದ ಆಸ್ಪತ್ರೆಗೆ ಫೋನು ಮಾಡಿದೆ, ಅವರ ಮನೆಗೆ ಮಾಡಿದೆ. ಎಲ್ಲರೂ ನಿಜವನ್ನೇ ಹೇಳಿದರು. ಒಬ್ಬರಾದರೂ ಸುಳ್ಳು ಹೇಳಬಾರದಿತ್ತೇ ಎಂದು ಈಗಲೂ ಅನ್ನಿಸುತ್ತದೆ.